ಚುಚ್ಚುಮದ್ದಿಗೆ ಹೋದಾಗ ಮಗುವಿನ ಹಲ್ಲನ್ನೂ ತೋರಿಸಿ

ಮಗುವಿಗೆ ಜ್ವರ, ಕೆಮ್ಮು, ಭೇದಿಯಾದರೆ ಮಕ್ಕಳ ವೈದ್ಯರ ಬಳಿಗೆ. ಹಲ್ಲು ನೋವು ಬಂದರೆ ದಂತವೈದ್ಯರ ಬಳಿಗೆ. ಇದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಲೆಕ್ಕ. ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಎರಡು-ಮೂರು ವರ್ಷದ ಮಗು ಹಲ್ಲು ನೋವೆಂದು ಅಳುವ ಹೊತ್ತಿಗೆ ಹುಳುಕು ಹಲ್ಲಿನ ಹೊರಪದರವನ್ನು ಕೊರೆದು ಒಳಗಿನ ತಿರುಳನ್ನು ಮುಟ್ಟಿರುತ್ತದೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಹಲ್ಲು ಕೆಡುತ್ತಲೇ ಇರುತ್ತದೆ, ಆದರೆ ನೋಯುವುದಿಲ್ಲ. ನೋಯದ ಕಾರಣ ಯಾರೂ ಮಗುವಿನ ಬಾಯಿ ತೆರೆಸಿ ನೋಡಿರುವುದೂ ಇಲ್ಲ.

ಆ ತಿಂಗಳುಗಳಲ್ಲಿ ಮಗು ವೈದ್ಯರ ಮುಂದೆ ಹೋಗಿಯೇ ಇಲ್ಲವೇ? ಬೇಕಾದಷ್ಟು ಸಲ ಹೋಗಿರುತ್ತದೆ. ಬೇತಮಂಗಲದ ಸುತ್ತಲಿನ ಹಳ್ಳಿಯ ಒಂದು ಮಗುವನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ, ಮತ್ತೆ ಒಂಬತ್ತು ತಿಂಗಳಿಗೆ, ಒಂದೂವರೆ ವರ್ಷದ ಹೊತ್ತಿಗೆ, ಐದು ವರ್ಷಕ್ಕೆ ಚುಚ್ಚುಮದ್ದು. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರಾವಣ. ಇವುಗಳ ನಡುವೆ ನೆಗಡಿ, ಜ್ವರ, ಭೇದಿಗೆಂದು ಬಂಗಾರಪೇಟೆಗೋ ರಾಬರ್ಟ್‌ಸನ್‌ಪೇಟೆಗೋ ಮಕ್ಕಳ ವೈದ್ಯರ ಬಳಿಗೆ ಓಡಾಟ ಬೇರೆ. ಐದು ವರ್ಷ ತುಂಬುವುದರೊಳಗೆ ಇಷ್ಟು ಸಲ ವೈದ್ಯರನ್ನು ಕಾಣುವ ಮಗು ದಂತವೈದ್ಯರ ಕುರ್ಚಿಯನ್ನು ಒಮ್ಮೆಯೂ ಹತ್ತಿರುವುದಿಲ್ಲ.

ಆದ್ದರಿಂದ ಪುಟ್ಟ ಮಕ್ಕಳ ಹಲ್ಲಿನ ವಿಷಯದಲ್ಲಿ ಮೊದಲ ಕಾವಲುಗಾರರು ದಂತವೈದ್ಯರಲ್ಲ, ಮಕ್ಕಳ ವೈದ್ಯರು. ಅವರು ಹಲ್ಲು ತುಂಬಬೇಕಿಲ್ಲ, ಕೀಳಬೇಕಿಲ್ಲ. ನೋಡಬೇಕು, ಕೇಳಬೇಕು, ಹೇಳಬೇಕು, ಸಮಯಕ್ಕೆ ಸರಿಯಾಗಿ ಮುಂದಕ್ಕೆ ಕಳಿಸಬೇಕು. ಈ ನಾಲ್ಕು ಕೆಲಸ ನಡೆಯುವಂತೆ ಮಾಡುವುದರಲ್ಲಿ ತಂದೆತಾಯಿಗಳ ಪಾಲೂ ಇದೆ. ಏಕೆಂದರೆ ಹೊರಗೆ ನಲವತ್ತು ಮಕ್ಕಳು ಸಾಲುಗಟ್ಟಿ ಕೂತಿರುವಾಗ ವೈದ್ಯರು ತಾವಾಗಿಯೇ ಹಲ್ಲನ್ನು ನೋಡುವುದು ಕಡಿಮೆ. ನೀವು ಕೇಳಿದರೆ ನೋಡುತ್ತಾರೆ.

ಬೀಳುವ ಹಲ್ಲಲ್ಲವೇ?

"ಹೆಂಗಿದ್ರೂ ಬಿದ್ದೋಗೋ ಹಲ್ಲು, ಅದಕ್ಯಾಕಮ್ಮ ದುಡ್ಡು ಸುರೀತೀಯ?" ಎಂಬುದು ಅಜ್ಜಿಯರ ಮಾತು. ಹಾಲುಹಲ್ಲು ಬೀಳುವುದು ನಿಜ. ಯಾವಾಗ ಬೀಳುತ್ತದೆ ಎಂಬುದನ್ನು ಮಾತ್ರ ಅಜ್ಜಿಯರು ಮರೆಯುತ್ತಾರೆ. ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಮೂಡುತ್ತದೆ. ಎರಡೂವರೆ ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಹಲ್ಲು ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೆ ಇರಬೇಕಾದವು. ಅಂದರೆ ಮಗು ಮುದ್ದೆ ನುಂಗುವುದನ್ನು ಬಿಟ್ಟು ಅಗಿದು ತಿನ್ನಲು ಕಲಿಯುವುದು, ಮಾತು ತಿದ್ದಿಕೊಳ್ಳುವುದು, ಶಾಲೆಗೆ ಸೇರಿ ಐದಾರು ತರಗತಿ ದಾಟುವುದು ಎಲ್ಲವೂ ಈ ಹಲ್ಲುಗಳಲ್ಲೇ. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡುವುದೂ ಇವೇ. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಜಾಗ ಮುಚ್ಚುತ್ತವೆ, ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ.

ಇಷ್ಟೇ ಆಗಿದ್ದರೆ ದಂತವೈದ್ಯರ ವಿಷಯ ಎಂದು ಬಿಡಬಹುದಿತ್ತು. ಹುಳುಕು ಹಲ್ಲಿರುವ ಮಗು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ಪದಾರ್ಥ ಬೇಡ ಎನ್ನುತ್ತದೆ, ರಾತ್ರಿ ಎದ್ದು ಅಳುತ್ತದೆ, ತೂಕ ಏರುವುದಿಲ್ಲ. "ಊಟಾನೇ ಮಾಡಲ್ಲ ಡಾಕ್ಟ್ರೇ, ಏನಾದ್ರೂ ಟಾನಿಕ್ ಬರೆದುಕೊಡಿ" ಎಂದು ತಾಯಿ ಮಕ್ಕಳ ವೈದ್ಯರ ಬಳಿಗೇ ಬರುತ್ತಾಳೆ. ಬಾಯಿ ತೆರೆಸಿ ನೋಡದೆ ಸಿಹಿ ಟಾನಿಕ್ ಬರೆದುಕೊಟ್ಟರೆ ರೋಗಕ್ಕೆ ಗೊಬ್ಬರ ಹಾಕಿದಂತೆ! ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಊದಿ ಜ್ವರ ಬಂದರೆ ಅದು ಅಂದೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಇನ್ನು ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಮಕ್ಕಳಲ್ಲಿ ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯದ ಒಳಪದರವನ್ನು ಸೇರಬಹುದು. ಅಂಥ ಮಕ್ಕಳ ಬಾಯಿಯನ್ನು ವೈದ್ಯರು ಪ್ರತಿ ಭೇಟಿಯಲ್ಲೂ ನೋಡಬೇಕು.

ಇದು ಎಷ್ಟು ಮಕ್ಕಳ ಮಾತು? ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ. 51.9 ಮಂದಿಗೆ ಹುಳುಕು ಹಲ್ಲಿತ್ತು. ಅಂಗನವಾಡಿಯಲ್ಲಿ ಸಾಲಾಗಿ ಕೂತ ಮಕ್ಕಳಲ್ಲಿ ಒಂದು ಬಿಟ್ಟು ಒಂದು ಮಗು ಎಂದುಕೊಳ್ಳಿ.

ಮೇಲ್ತುಟಿ ಎತ್ತಿ ನೋಡಿ

ಪುಟ್ಟ ಮಕ್ಕಳ ಹುಳುಕು ದೊಡ್ಡವರದರಂತೆ ಹಿಂದಿನ ದವಡೆಯಲ್ಲಿ ಆರಂಭವಾಗುವುದಿಲ್ಲ. ಮೇಲಿನ ನಾಲ್ಕು ಮುಂಬಲ್ಲುಗಳಲ್ಲಿ, ವಸಡಿನ ಅಂಚಿನಲ್ಲಿ ಆರಂಭವಾಗುತ್ತದೆ. ಮೊದಲು ಕಾಣುವುದು ಕಪ್ಪು ತೂತಲ್ಲ. ಸುಣ್ಣ ಬಳಿದಂತಹ ಹೊಳಪಿಲ್ಲದ ಬಿಳಿ ಗೆರೆ. ಮೇಲ್ತುಟಿ ಅದನ್ನು ಮುಚ್ಚಿಕೊಂಡಿರುವುದರಿಂದ ಮಗು ನಕ್ಕಾಗಲೂ ಕಾಣುವುದಿಲ್ಲ. ತುಟಿಯನ್ನು ಬೆರಳಿನಿಂದ ಮೇಲೆತ್ತಿ, ಹಲ್ಲನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು.

ಈ ಬಿಳಿ ಗೆರೆಯ ಹಂತವೇ ಬಹಳ ಮುಖ್ಯ. ಹಲ್ಲಿನ ಹೊರಪದರದಲ್ಲಿರುವ ಸುಣ್ಣದಂಶ ಆಮ್ಲಕ್ಕೆ ಕರಗಲು ಶುರುವಾಗಿದೆ, ಆದರೆ ಇನ್ನೂ ತೂತು ಬಿದ್ದಿಲ್ಲ ಎಂದು ಅದರ ಅರ್ಥ. ಈಗ ಎಚ್ಚೆತ್ತುಕೊಂಡರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ, ತುಂಬಿಸಬೇಕು. ತಿರುಳಿಗೆ ತಲುಪಿದರೆ ಬೇರಿನ ಚಿಕಿತ್ಸೆ ಅಥವಾ ಕೀಳುವುದು. ಮೂರು ವರ್ಷದ ಮಗುವಿನ ಎಂಟು-ಹತ್ತು ಹಲ್ಲು ಹೀಗೆ ಕೆಟ್ಟಿದ್ದರೆ ಎಷ್ಟೋ ಸಲ ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾಗುತ್ತದೆ.

ಕೆಳಗಿನ ಮುಂಬಲ್ಲುಗಳು ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಅದೇಕೆ? ಬಾಟಲಿ ಚೀಪುವಾಗ ನಾಲಿಗೆ ಅವುಗಳನ್ನು ಮುಚ್ಚಿಕೊಂಡಿರುತ್ತದೆ, ನಾಲಿಗೆಯ ಕೆಳಗಿನ ಜೊಲ್ಲು ತೊಳೆಯುತ್ತಿರುತ್ತದೆ. ಮೇಲಿನ ಹಲ್ಲು ಕೆಟ್ಟು ಕೆಳಗಿನವು ಸರಿಯಿದ್ದರೆ ವೈದ್ಯರು ತಕ್ಷಣ ರಾತ್ರಿಯ ಹಾಲಿನ ಬಗ್ಗೆ ಕೇಳುತ್ತಾರೆ.

ಕೋಲಾರ ಜಿಲ್ಲೆಯಲ್ಲಿ ಹಾಲಿಗೆ ಬರವಿಲ್ಲ. ಊರೂರಿಗೂ ಡೇರಿಯಿದೆ. ಹಾಲು ಹಲ್ಲಿಗೆ ಶತ್ರುವಲ್ಲ, ಹಾಲಿಗೆ ಹಾಕುವ ಸಕ್ಕರೆ ಮತ್ತು ಅದನ್ನು ಕೊಡುವ ಹೊತ್ತು ಶತ್ರು. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸಿದರೆ ಮಗು ಅರೆನಿದ್ದೆಯಲ್ಲಿ ಚೀಪುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆ, ನುಂಗುವುದೂ ಕಡಿಮೆ. ಹಲ್ಲಿನ ಸುತ್ತ ನಿಂತ ಸಿಹಿಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿಸುತ್ತವೆ. ರಾತ್ರಿಯಿಡೀ ಹಲ್ಲು ಆ ಆಮ್ಲದಲ್ಲಿ ನೆನೆಯುತ್ತದೆ. ಹಾಲಿಗೆ ಬದಲು ಹಣ್ಣಿನ ರಸ, ಬೆಲ್ಲದ ನೀರು, ಸಿಹಿ ರಾಗಿ ಮಾಲ್ಟ್ ಹಾಕಿಕೊಟ್ಟರೂ ಫಲ ಒಂದೇ. ಬೆಲ್ಲ ಸಕ್ಕರೆಗಿಂತ ವಾಸಿ ಎಂಬ ನಂಬಿಕೆ ಹಲ್ಲಿನ ಮಟ್ಟಿಗೆ ನಿಜವಲ್ಲ.

ಹಲ್ಲು ಬಂದ ಮೇಲೆ ಬಾಟಲಿಯೊಂದಿಗೆ ಮಲಗಿಸಬೇಡಿ. ಒಂದು ವರ್ಷದ ಹೊತ್ತಿಗೆ ಬಾಟಲಿ ಬಿಡಿಸಿ ಲೋಟದಲ್ಲಿ ಕುಡಿಯಲು ಕಲಿಸಿ. ಹಟ ಮಾಡುವ ಮಗುವಿಗೆ ಕೆಲವು ದಿನ ಬಾಟಲಿಯಲ್ಲಿ ಬರೀ ನೀರು ಕೊಟ್ಟರೆ ತಾನಾಗಿಯೇ ಬೇಸತ್ತು ಬಿಡುತ್ತದೆ. ಎದೆಹಾಲಿನ ವಿಷಯ ಬೇರೆ. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದು, ಹಲ್ಲಿನ ನೆಪದಲ್ಲಿ ಬಿಡಿಸಬೇಕಾಗಿಲ್ಲ. ಆದರೆ ಒಂದು ವರ್ಷ ದಾಟಿದ ಮಗು ರಾತ್ರಿಯೆಲ್ಲಾ ಬಾಯಲ್ಲಿಟ್ಟುಕೊಂಡೇ ಮಲಗುವುದು ಒಳ್ಳೆಯದಲ್ಲ. ಮಲಗುವ ಮುನ್ನ ಹಲ್ಲುಜ್ಜಿರಬೇಕು.

ಇಲ್ಲಿ ವೈದ್ಯರು ತಮ್ಮ ಚೀಟಿಯನ್ನೂ ನೋಡಿಕೊಳ್ಳಬೇಕು. ಮಕ್ಕಳ ಸಿರಪ್ಪುಗಳಲ್ಲಿ ಹೆಚ್ಚಿನವು ಸಿಹಿ. ಫಿಟ್ಸ್‌ಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಸಿರಪ್ ಕುಡಿಯುವ ಮಗುವಿಗೆ ಸಕ್ಕರೆಯಿಲ್ಲದ ಔಷಧ ಸಿಗುತ್ತದೆಯೇ ಎಂದು ಕೇಳಿ. ಇಲ್ಲದಿದ್ದರೆ ಔಷಧ ಕೊಟ್ಟ ಮೇಲೆ ನೀರು ಕುಡಿಸಿ, ಮಲಗುವ ಹೊತ್ತಿಗೆ ಹಲ್ಲುಜ್ಜಿದ ನಂತರ ಕೊಡಬೇಡಿ. ಕಬ್ಬಿಣದಂಶದ ಹನಿಗಳಿಂದ ಹಲ್ಲು ಕಪ್ಪಾದರೆ ಅದು ಹುಳುಕಲ್ಲ, ಮೇಲೆ ಅಂಟಿದ ಬಣ್ಣ ಮಾತ್ರ. ಅದಕ್ಕೆ ಹೆದರಿ ಔಷಧ ನಿಲ್ಲಿಸಬಾರದು.

ಹಲ್ಲು ಬರುವ ಕಾಲದ ಭೇದಿ

ಮಕ್ಕಳ ವೈದ್ಯರು ಹಲ್ಲಿನ ಬಗ್ಗೆ ಬಾಯಿ ಬಿಡಲೇಬೇಕಾದ ಇನ್ನೊಂದು ಸಂದರ್ಭವಿದೆ. ಇದರಲ್ಲಿ ಪ್ರಾಣದ ಪ್ರಶ್ನೆಯೇ ಇದೆ.

"ಹಲ್ಲು ಬರ್ತಾ ಇದೆ ಡಾಕ್ಟ್ರೇ, ಅದಕ್ಕೇ ಭೇದಿ ಆಗ್ತಾ ಇದೆ ಅಂತ ಸುಮ್ನಿದ್ವಿ" ಎಂದು ಮೂರನೆಯ ದಿನ ಮಗುವನ್ನು ಎತ್ತಿಕೊಂಡು ಬರುವವರು ಇಂದಿಗೂ ಕಡಿಮೆಯಾಗಿಲ್ಲ. ಕಣ್ಣು ಗುಳಿ ಬಿದ್ದಿರುತ್ತದೆ, ನಾಲಿಗೆ ಒಣಗಿರುತ್ತದೆ, ಮೂತ್ರ ಹೋಗಿ ಬಹಳ ಹೊತ್ತಾಗಿರುತ್ತದೆ. ಹಲ್ಲು ಬರುವಾಗ ಜೊಲ್ಲು ಸುರಿಯುವುದು, ವಸಡು ಕಡಿತ, ಕಿರಿಕಿರಿ, ನಿದ್ದೆಗೇಡು, ಮೈ ಸ್ವಲ್ಪ ಬೆಚ್ಚಗಾಗುವುದು ಇವೆಲ್ಲ ಉಂಟು. ಆದರೆ ನೀರಿನಂಥ ಭೇದಿ, ವಾಂತಿ, ಜೋರು ಜ್ವರ ಹಲ್ಲಿನಿಂದ ಬರುವುದಿಲ್ಲ.

ಹಾಗಾದರೆ ಎರಡೂ ಒಟ್ಟಿಗೆ ಬರುವುದು ಹೇಗೆ? ಆರು ತಿಂಗಳ ಹೊತ್ತಿಗೆ ತಾಯಿಯಿಂದ ಪಡೆದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಮೇಲಿನ ಆಹಾರ ಆರಂಭವಾಗುತ್ತದೆ. ಮಗು ಅಂಬೆಗಾಲಿಟ್ಟು ನೆಲದ ಮೇಲಿದ್ದುದನ್ನೆಲ್ಲ ಬಾಯಿಗೆ ಹಾಕುತ್ತದೆ. ಇವೆಲ್ಲ ಆಗುವ ಕಾಲದಲ್ಲೇ ಹಲ್ಲೂ ಬರುತ್ತದೆ. ತಪ್ಪು ಕೊಳಕು ನೀರಿನದು, ತೊಳೆಯದ ಬಾಟಲಿಯದು, ಅಪವಾದ ಹಲ್ಲಿಗೆ. ಭೇದಿಯಾದರೆ ಹಲ್ಲನ್ನು ಮರೆತು ಮೊದಲ ದಿನವೇ ಓ.ಆರ್.ಎಸ್. ದ್ರಾವಣ ಕೊಡಲು ಆರಂಭಿಸಿ, ಎದೆಹಾಲು ನಿಲ್ಲಿಸಬೇಡಿ, ವೈದ್ಯರನ್ನು ಕಂಡು ಜಿಂಕ್ ಕೇಳಿ ಪಡೆಯಿರಿ.

ವಸಡು ನವೆಯಾಗುತ್ತಿದ್ದರೆ ಚೊಕ್ಕಟವಾದ ಬೆರಳಿನಿಂದ ಮೃದುವಾಗಿ ತಿಕ್ಕಿದರೆ, ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆ ಕಚ್ಚಲು ಕೊಟ್ಟರೆ ಸಾಕು. ವಸಡು ಮರಗಟ್ಟಿಸುವ ಬೆಂಜೊಕೇನ್ ಜೆಲ್ಲುಗಳು ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಇನ್ನು ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಆಗದು ಎಂಬ ಮಾತು: ಇದರಿಂದ ಯಾವ ಸೋದರಮಾವನಿಗೂ ಏನೂ ಆಗುವುದಿಲ್ಲ, ಮಗುವಿಗೂ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಹಲ್ಲು ಬರುವ ಸರದಿ ಹಾಗಿರುತ್ತದೆ, ಅಷ್ಟೆ.

ಗಂಜಿಗೆ ಯಾವ ನೀರು?

ಇನ್ನು ನಮ್ಮ ಜಿಲ್ಲೆಯ ಮಕ್ಕಳ ವೈದ್ಯರು ಬೇರೆ ಕಡೆಯ ವೈದ್ಯರಿಗಿಂತ ಹೆಚ್ಚಾಗಿ ಕೇಳಬೇಕಾದ ಒಂದು ಪ್ರಶ್ನೆ. ಅದು ನೀರಿನದು.

ಬೇತಮಂಗಲದ ಹೆಸರು ಹಳಬರ ನೆನಪಿನಲ್ಲಿ ನೀರಿನೊಂದಿಗೇ ಬೆಸೆದುಕೊಂಡಿದೆ. ಪಾಲಾರ್ ನದಿಯ ಈ ದೊಡ್ಡ ಕೆರೆಯ ನೀರು ಇಪ್ಪತ್ತನೇ ಶತಮಾನದ ಆರಂಭದಿಂದ ಚಿನ್ನದ ಗಣಿಗಳ ಊರಿಗೆ ಹೋಗುತ್ತಿತ್ತು. ಹಳ್ಳಿಗಳಲ್ಲಿ ಕೆರೆ, ಕಲ್ಯಾಣಿ, ತೆರೆದ ಬಾವಿಗಳಿದ್ದವು. ಮಳೆ ಕೈಕೊಟ್ಟು ಕೆರೆಗಳು ಹೂಳು ತುಂಬಿ ಬಾವಿಗಳು ಬತ್ತಿದ ಮೇಲೆ ಜನ ಕೊಳವೆಬಾವಿಗೆ ಬಂದರು. ಇನ್ನೂರು, ಐನೂರು, ಸಾವಿರ ಅಡಿ ದಾಟಿ ಕೊರೆಯುವಂತಾಯಿತು. ಆಳದ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಆ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಕೋಲಾರ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಇದು ಮಿತಿಗಿಂತ ಹೆಚ್ಚಿದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕ ಹೇಳುತ್ತದೆ.

ಫ್ಲೋರೈಡಿನದು ವಿಚಿತ್ರ ಸ್ವಭಾವ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿನ ಜನರ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡು ಬೆರಗಾದ. ಕಲೆಯ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದನ್ನೂ ಗಮನಿಸಿದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಹಿತಮಿತವಾಗಿ ಹಲ್ಲಿನ ಹೊರಮೈಗೆ ತಗುಲಿದರೆ ಹುಳುಕಿನಿಂದ ರಕ್ಷಣೆ, ಹಲ್ಲು ರೂಪುಗೊಳ್ಳುವ ಕಾಲದಲ್ಲಿ ಹೆಚ್ಚಾಗಿ ಹೊಟ್ಟೆಗೆ ಹೋದರೆ ಕಲೆ. ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಹೋದರೆ ಮೂಳೆಗೂ ಕೇಡು. ನಮ್ಮ ದೇಶದಲ್ಲಿ ಈ ಮೂಳೆರೋಗ 1937ರಲ್ಲಿ ವರದಿಯಾದದ್ದು ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಿಂದ. ಆಗ ಅದು ಮದರಾಸು ಪ್ರಾಂತಕ್ಕೆ ಸೇರಿತ್ತು.

ಇಲ್ಲಿ ತಾಯಂದಿರು ಗಮನಿಸಬೇಕಾದದ್ದು ಕಾಲ. ಏಳೆಂಟು ವರ್ಷದ ಹುಡುಗಿಯ ಹೊಸ ಮುಂಬಲ್ಲಿನ ಮೇಲೆ ಸುಣ್ಣದ ಗೆರೆ, ಹಳದಿ ಅಥವಾ ಕಂದು ಪಟ್ಟಿ ಕಂಡಾಗ ಮನೆಯವರು ಪೇಸ್ಟ್ ಬದಲಿಸುತ್ತಾರೆ, ಜೋರಾಗಿ ಉಜ್ಜಿಸುತ್ತಾರೆ. ಆ ಕಲೆ ಈಗ ಬಂದದ್ದಲ್ಲ. ಮುಂಬಲ್ಲು ವಸಡಿನೊಳಗೆ ಕೂತು ಗಟ್ಟಿಯಾಗುತ್ತಿದ್ದಾಗ, ಅಂದರೆ ಮಗುವಿಗೆ ಸುಮಾರು ಒಂದೂಕಾಲರಿಂದ ಎರಡೂವರೆ ವರ್ಷವಿದ್ದಾಗ, ಕುಡಿದ ನೀರಿನ ಗುರುತು ಅದು. ಹಿಂದಿನ ಹಲ್ಲುಗಳು ಗಟ್ಟಿಯಾಗುವುದು ಇನ್ನೂ ತಡವಾಗಿ, ಎಂಟು ವರ್ಷದವರೆಗೆ. ಹಲ್ಲಿನ ಮೇಲೆ ಕಲೆ ಕಾಣುವಾಗ ದಂತವೈದ್ಯರು ಮಾಡಬಹುದಾದದ್ದು ಅದನ್ನು ಮರೆಸುವ ಕೆಲಸ. ತಡೆಯುವ ಕಾಲದಲ್ಲಿ ಆ ಮಗು ಇದ್ದದ್ದು ಮಕ್ಕಳ ವೈದ್ಯರ ಕೈಯಲ್ಲಿ.

ಆದ್ದರಿಂದ ಒಂಬತ್ತನೇ ತಿಂಗಳ ಚುಚ್ಚುಮದ್ದಿನ ದಿನ ವೈದ್ಯರು "ಮಗೂಗೆ ಯಾವ ನೀರು ಕೊಡ್ತೀರಿ?" ಎಂದು ಕೇಳಿದರೆ ಅರ್ಧ ಕೆಲಸ. "ಗಂಜಿ, ಸೆರಿ ಯಾವ ನೀರಲ್ಲಿ ಮಾಡ್ತೀರಿ?" ಎಂದೂ ಕೇಳಬೇಕು. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ತರುವ ಮನೆಗಳಲ್ಲಿಯೂ ಅಡುಗೆಗೆ ನಲ್ಲಿಯಲ್ಲಿ ಬರುವ ಕೊಳವೆಬಾವಿ ನೀರನ್ನೇ ಬಳಸುವುದುಂಟು. ದೊಡ್ಡವರಿಗೆ ಅನ್ನ ಮುದ್ದೆಯ ಪಾಲು ಬೇರೆ ಲೆಕ್ಕ. ಒಂದು ವರ್ಷದ ಮಗುವಿಗೆ ದಿನದ ಆಹಾರವೆಲ್ಲ ಗಂಜಿ, ಬೇಳೆಕಟ್ಟು, ರಾಗಿ ಸೆರಿ. ಅದರ ಬಹುಭಾಗ ನೀರೇ. ಪುಡಿಹಾಲು ಕಲಸಿ ಕೊಡುವ ಮನೆಗಳಲ್ಲಿ ಈ ಪ್ರಮಾಣ ಮತ್ತೂ ಹೆಚ್ಚು. ಎದೆಹಾಲಿನಲ್ಲಿ ಮಾತ್ರ, ತಾಯಿ ಯಾವ ನೀರು ಕುಡಿದಿದ್ದರೂ, ಫ್ಲೋರೈಡ್ ಅತ್ಯಲ್ಪ. ಎದೆಹಾಲಿನ ಪರವಾಗಿ ಈ ಸೀಮೆಯಲ್ಲಿ ಹೇಳಬಹುದಾದ ಇನ್ನೊಂದು ಮಾತು ಇದು.

ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ್ದರಿಂದ ಪರೀಕ್ಷೆ ಮಾಡಿಸದೆ ಗೊತ್ತಾಗುವುದೂ ಇಲ್ಲ. ಒಂದು ಕೊಳವೆಬಾವಿಯಲ್ಲಿ ಹೆಚ್ಚಿದ್ದು ಪಕ್ಕದ್ದರಲ್ಲಿ ಕಡಿಮೆ ಇರಬಹುದು. ಗ್ರಾಮ ಪಂಚಾಯತಿಯಲ್ಲಿ ಪರೀಕ್ಷೆಯ ವರದಿ ಕೇಳಿ. ಶುದ್ಧ ನೀರಿನ ಘಟಕಗಳಲ್ಲಿ ಬಳಸುವ ಆರ್.ಓ. ವಿಧಾನ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ, ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮನೆಗೆಲ್ಲ ಸಾಲುವಷ್ಟು ಕ್ಯಾನು ತರಲಾಗದಿದ್ದರೆ, ಎಂಟು ವರ್ಷದೊಳಗಿನ ಮಕ್ಕಳ ಕುಡಿಯುವ ನೀರಿಗೆ ಮತ್ತು ಅವರ ಗಂಜಿ-ಬೇಳೆಗೆ ಮೊದಲ ಪಾಲು ಇರಲಿ. ಮಕ್ಕಳಿಗೆ ಟೀ ಬೇಡ. ಚಹಾ ಸೊಪ್ಪಿನಲ್ಲೇ ಫ್ಲೋರೈಡ್ ಹೆಚ್ಚು, ಜೊತೆಗೆ ಸಕ್ಕರೆ.

ಹಾಗಾದರೆ ಫ್ಲೋರೈಡ್ ಪೇಸ್ಟ್ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸಿಗುವ ಫ್ಲೋರೈಡ್ ಪೇಸ್ಟಿನ ಒಂದು ಅಕ್ಕಿಕಾಳಿನಷ್ಟರಲ್ಲಿ ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಸೇವಿಸಿದರೆ ಅದರ ಇಪ್ಪತ್ತು ಪಟ್ಟು. ಅಂದರೆ ಹೆದರಬೇಕಾದ್ದು ನೀರಿಗೆ, ಅಕ್ಕಿಕಾಳಿನಷ್ಟು ಪೇಸ್ಟಿಗಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಯಷ್ಟು, ದಿನಕ್ಕೆರಡು ಸಲ ಎಂಬುದು ಸಾಮಾನ್ಯ ಸಲಹೆ. ಜಾಹೀರಾತಿನಲ್ಲಿ ಕಾಣುವಂತೆ ಬ್ರಷ್ಷಿನುದ್ದಕ್ಕೂ ಹಾವಿನಂತೆ ಸುತ್ತಿಸಬೇಡಿ. ನೀರಿನಲ್ಲಿ ಫ್ಲೋರೈಡ್ ತುಂಬಾ ಇರುವ ಹಳ್ಳಿಗಳ ಪುಟ್ಟ ಮಕ್ಕಳಿಗೆ ಫ್ಲೋರೈಡಿಲ್ಲದ ಪೇಸ್ಟ್ ಸೂಚಿಸುವ ದಂತವೈದ್ಯರೂ ಇದ್ದಾರೆ. ನಿಮ್ಮ ಊರಿನ ನೀರಿನ ವರದಿಯನ್ನು ಹಿಡಿದುಕೊಂಡು ಹೋದರೆ ವೈದ್ಯರಿಗೆ ತೀರ್ಮಾನಿಸಲು ಸುಲಭ.

ವೈದ್ಯರು ಏನು ಮಾಡಬಹುದು?

ಅರ್ಧ ನಿಮಿಷದ ಕೆಲಸ. ತಾಯಿ ಮತ್ತು ವೈದ್ಯರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು, ಮಗುವಿನ ತಲೆ ವೈದ್ಯರ ತೊಡೆಯ ಮೇಲೆ, ಕಾಲು ತಾಯಿಯ ಸೊಂಟದ ಎರಡು ಬದಿಗೆ ಬರುವಂತೆ ಮಲಗಿಸುತ್ತಾರೆ. ಮಗು ಅಳುತ್ತದೆ. ಅತ್ತರೆ ಒಳ್ಳೆಯದೇ, ಬಾಯಿ ಚೆನ್ನಾಗಿ ತೆರೆಯುತ್ತದೆ! ಮೇಲ್ತುಟಿ ಎತ್ತಿ, ಬೆಳಕು ಬಿಟ್ಟು, ಮುಂದೆ ಹಿಂದೆ ನೋಡಿದರೆ ಆಯಿತು.

ತಾಯಿಯ ಹಲ್ಲಿನ ಬಗ್ಗೆಯೂ ಒಂದು ಮಾತು ಕೇಳುವ ವೈದ್ಯರು ತಿಳಿದವರು. ಹುಳುಕು ಉಂಟುಮಾಡುವ ಬ್ಯಾಕ್ಟೀರಿಯ ಹುಟ್ಟುವಾಗ ಮಗುವಿನ ಬಾಯಲ್ಲಿರುವುದಿಲ್ಲ. ಮುಖ್ಯವಾಗಿ ಸಾಕುವವರ ಎಂಜಲಿನಿಂದ ಬರುತ್ತದೆ. ತಮ್ಮ ಬಾಯಲ್ಲಿ ಅಗಿದು ಕೊಡುವುದು, ಒಂದೇ ಚಮಚದಲ್ಲಿ ರುಚಿ ನೋಡಿ ಉಣಿಸುವುದು, ನೆಲಕ್ಕೆ ಬಿದ್ದ ನಿಪ್ಪಲನ್ನು ಚೀಪಿ ಚೊಕ್ಕಟ ಮಾಡುವುದು ಬೇಡ. ಹುಳುಕು ಹಲ್ಲಿರುವ ಗರ್ಭಿಣಿ ನಾಲ್ಕರಿಂದ ಆರನೇ ತಿಂಗಳಲ್ಲಿ ನಿರಾತಂಕವಾಗಿ ಚಿಕಿತ್ಸೆ ಮಾಡಿಸಿಕೊಳ್ಳಬಹುದು.

ಬೇರೆ ದೇಶಗಳಲ್ಲಿ ಮಕ್ಕಳ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2000ದ ಸುಮಾರಿನಿಂದ ಬಡ ಕುಟುಂಬಗಳ ಮಕ್ಕಳು ತಪಾಸಣೆಗೆ ಬಂದಾಗ ಮಕ್ಕಳ ವೈದ್ಯರೇ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ. 2014ರಲ್ಲಿ ಆ ದೇಶದ ತಜ್ಞರ ಮಂಡಳಿ ಹಲ್ಲು ಮೂಡಿದ ಎಲ್ಲ ಶಿಶುಗಳಿಗೂ ಇದನ್ನು ಶಿಫಾರಸು ಮಾಡಿತು. ಸಣ್ಣ ಕುಂಚದಿಂದ ಬಳಿಯುವ ಈ ವಾರ್ನಿಷ್ ಹಲ್ಲಿಗೆ ಅಂಟಿಕೊಳ್ಳುತ್ತದೆ, ಹೊಟ್ಟೆಗೆ ಹೋಗುವುದು ಅಲ್ಪ. ನಮ್ಮಲ್ಲಿ ಇದು ದಂತವೈದ್ಯರ ಬಳಿ ದೊರೆಯುತ್ತದೆ. ಬಿಳಿ ಗೆರೆ ಕಂಡ ಮಗುವಿಗೆ ಮೂರು ಅಥವಾ ಆರು ತಿಂಗಳಿಗೊಮ್ಮೆ ಬಳಿಸುವುದು ಲೇಸು. ನಮ್ಮ ಮಕ್ಕಳ ವೈದ್ಯರೂ ಇದನ್ನು ಕಲಿತರೆ ತಪ್ಪೇನಿಲ್ಲ. ಹಲ್ಲು ನಮ್ಮ ವಿಷಯವಲ್ಲ ಎಂದು ಅವರು, ಮೂರು ವರ್ಷದ ಮಗುವನ್ನು ಹಿಡಿಯುವುದು ಕಷ್ಟ, ಸ್ವಲ್ಪ ದೊಡ್ಡದಾಗಲಿ ಎಂದು ಕೆಲವು ದಂತವೈದ್ಯರು ಹೇಳುತ್ತಾ ಕೂತರೆ ನಡುವೆ ಕೆಡುವುದು ಮಗುವಿನ ಹಲ್ಲು.

ಎಲ್ಲಿಗೆ ಕಳಿಸಬೇಕು ಎಂಬುದು ಈ ಭಾಗದಲ್ಲಿ ದೊಡ್ಡ ಸಮಸ್ಯೆಯಲ್ಲ. ಕೆ.ಜಿ.ಎಫ್.ನಲ್ಲೇ ದಂತವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ವರ್ಷಕ್ಕೆರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕೆಂಬುದು ನಿಯಮ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ತಂಡ ಬರುವ ದಿನ ಮಗುವನ್ನು ತಪ್ಪಿಸದೆ ಕಳಿಸಿ, ಬಾಯಿ ನೋಡಿದರೇ ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ.

ಮನೆಯಲ್ಲಿ ಹಲ್ಲುಜ್ಜುವುದು ಏಳೆಂಟು ವರ್ಷದವರೆಗೂ ದೊಡ್ಡವರ ಕೆಲಸ. ಮಗು ತಾನೇ ಉಜ್ಜುತ್ತೇನೆಂದರೆ ಉಜ್ಜಲಿ, ಆಮೇಲೆ ಒಮ್ಮೆ ನೀವು ಉಜ್ಜಿ. ಇದ್ದಿಲು ಪುಡಿ, ಬೂದಿ, ಕೆಂಪು ಹಲ್ಲುಪುಡಿ ಹಾಲುಹಲ್ಲನ್ನು ಸವೆಸುತ್ತವೆ, ಬೇಡ.

ಕೊನೆಯದಾಗಿ, ಐದು-ಆರು ವರ್ಷದ ಚುಚ್ಚುಮದ್ದು. ಮಗು ಶಾಲೆಗೆ ಸೇರುವ ಹೊತ್ತಿನ ಈ ಭೇಟಿಗೂ ಹಲ್ಲಿಗೂ ನಂಟಿದೆ. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದೊಡ್ಡ ದವಡೆ ಹಲ್ಲುಗಳು ಸದ್ದಿಲ್ಲದೆ ಮೂಡುತ್ತವೆ. ಯಾವುದೂ ಬೀಳದ ಕಾರಣ ಮನೆಯವರು ಅವನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಅವು ಬೀಳುವ ಹಲ್ಲುಗಳಲ್ಲ. ಮೇಲ್ಮೈಯಲ್ಲಿ ಆಳವಾದ ಸಂದುಗಳಿರುವುದರಿಂದ ಎಲ್ಲಕ್ಕಿಂತ ಬೇಗ ಹುಳುಕು ಹಿಡಿಯುವುದೂ ಅವಕ್ಕೇ. ಆ ಸಂದುಗಳನ್ನು ದಂತವೈದ್ಯರು ಕೊರೆಯದೆ, ನೋವಿಲ್ಲದೆ ಲೇಪನದಿಂದ ಮುಚ್ಚಬಲ್ಲರು. ಚುಚ್ಚುಮದ್ದು ಹಾಕಿಸಿಕೊಂಡು ಹೊರಡುವ ಮುನ್ನ "ಹಿಂದಿನ ಹಲ್ಲು ಬಂದಿದೆಯಾ ನೋಡಿ ಡಾಕ್ಟ್ರೇ" ಎಂದು ಕೇಳಿ. ಇನ್ನೂ ಬಂದಿರದಿದ್ದರೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಿ.